ಒಲೆ ಕೇಳಿದ್ದು ಯಾರನ್ನು

ರೇಷ್ಮೆ ಹುಳು ಸಾಕುವ ಮನೆಯಲ್ಲಿ ಒಂದು ಇದ್ದಿಲೊಲೆ ಇತ್ತು. ಚಳಿಗಾಲದಲ್ಲಿ ಹುಳುಗಳನ್ನು ಬೆಚ್ಚಗಿಡುವುದು ಅದರ ಕೆಲಸ. "ಥರ್ಮಾಮೀಟರು ಸಾಕು ಎನ್ನುವವರೆಗೆ ಉರಿ" ಎಂದು ಮನೆಯೊಡತಿ ಚನ್ನಾಜಮ್ಮ ಹೇಳಿ ಹೋಗಿದ್ದಳು. ಥರ್ಮಾಮೀಟರು ದೂರದ ಕಲ್ಲುಗೋಡೆಯ ಮೇಲೆ ತೂಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಒಲೆಯ ಪಕ್ಕದಲ್ಲೇ ಇದ್ದ ತಟ್ಟೆಯಲ್ಲಿ ಒಂದು ಹುಳು ಸೊಪ್ಪಿನಿಂದ ತಲೆಯೆತ್ತಿತು. "ಒಲೆಯಣ್ಣ, ನಮಗೆ ತುಂಬಾ ಸೆಕೆಯಾಗುತ್ತಿದೆ. ಸೊಪ್ಪು ಸೇರುತ್ತಿಲ್ಲ."

ಒಲೆ ಗೋಡೆಯ ಕಡೆ ತಿರುಗಿ, "ಸಾಕೇ?" ಎಂದು ಕೇಳಿತು.

"ಇನ್ನೂ ಸಾಲದು" ಎಂದಿತು ಥರ್ಮಾಮೀಟರು.

"ಕೇಳಿಸಿತೇ?" ಎಂದು ಹುಳುವನ್ನು ಗದರಿ ಒಲೆ ಇನ್ನಷ್ಟು ಕೆಂಪಾಯಿತು. ಮಳೆ ಹನಿದಂತೆ ಕೇಳುತ್ತಿದ್ದ ಸೊಪ್ಪು ಮೇಯುವ ಸದ್ದು ಕಡಿಮೆಯಾಗುತ್ತಾ ಬಂತು. ಒಲೆ ಮತ್ತೆ ಕೇಳಿತು. "ಇನ್ನು ಸ್ವಲ್ಪ" ಎಂದಿತು ಥರ್ಮಾಮೀಟರು. ಸದ್ದು ಪೂರ್ತಿ ನಿಂತುಹೋಯಿತು.

ಬಿಸಿ ಆ ತಣ್ಣನೆ ಗೋಡೆಯವರೆಗೆ ಹೋಗಲು ಹೊತ್ತು ಹಿಡಿಯಿತು. ಆಮೇಲೆ ಥರ್ಮಾಮೀಟರು "ಈಗ ಸಾಕು" ಎಂದಿತು. ಒಲೆ ಕೂಡಲೇ ಆರಿತು. ತಟ್ಟೆಯಲ್ಲಿ ಒಂದು ಹುಳುವೂ ಅಲುಗಲಿಲ್ಲ.

"ನನ್ನ ತಪ್ಪೇನು? ನಾನು ಒಂದು ಗೆರೆಯಷ್ಟೂ ಸುಳ್ಳು ಹೇಳಲಿಲ್ಲ" ಎಂದಿತು ಥರ್ಮಾಮೀಟರು.

"ಇಲ್ಲ" ಎಂದಿತು ಒಲೆ, ಬೂದಿಯೊಳಗಿಂದ. "ಬಿಸಿ ನಿನ್ನನ್ನು ಮುಟ್ಟುವ ಮೊದಲೇ ಈ ಹುಳುಗಳನ್ನು ಮುಟ್ಟಿತ್ತು. ಅವು ನನಗೆ ಹೇಳಿದವು. ನಾನು ನಿನ್ನನ್ನು ಕೇಳಿದೆ."