ಹೆಪ್ಪಿಗೂ ಉಳಿಯದ ಮೊಸರು

ಮಲಪ್ರಭೆಯ ದಂಡೆಯ ಮೇಲೊಂದು ಪುಟ್ಟ ಆಶ್ರಮ. ಅಲ್ಲಿದ್ದ ಗುರುವನ್ನು ಸುತ್ತಲಿನವರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ, ನಗು ಹೆಚ್ಚು. ಮೊಸರನ್ನವೆಂದರೆ ಮಾತ್ರ ಪ್ರಾಣ.

ಅಡುಗೆಮನೆ ನೋಡಿಕೊಳ್ಳುತ್ತಿದ್ದವಳು ಶಿಷ್ಯೆ ಶಿವಲೀಲಾ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಅರ್ಜಿ ಹಾಕಿ ಹಾಕಿ ಸೋತು, ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿ, ಅದೂ ಸಾಕಾಗಿ ಇಲ್ಲಿಗೆ ಬಂದಿದ್ದಳು. ಡಿಗ್ರಿ ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ಅವಳ ಕೈಯಲ್ಲಿನ ಪಾತ್ರೆ ಧಡ್ ಅನ್ನುತ್ತಿತ್ತು.

ಆಷಾಢದ ಒಂದು ಮುಂಜಾನೆ ಅವಳ ತಂಗಿ ಗೌರಾ ಓಡೋಡಿ ಬಂದಳು. ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತ್ತು. ಸೇರಲು ನಾಳೆಯೇ ಕೊನೆಯ ದಿನ.

"ಅಪ್ಪ ಏನಂದಾರವಾ?" ಅಜ್ಜಾರು ಕೇಳಿದರು.

"ಅಕ್ಕನ್ನ ಕೇಳು, ಅಕಿ ಹೂಂ ಅಂದ್ರ ಹೋಗು ಅಂದಾರ್ರಿ. ಸಂಜಿ ಬಸ್ಸಿಗೆ ನಾ ಹೊಳ್ಳಿ ಹೋಗಬೇಕ್ರಿ."

ಶಿವಲೀಲಾ ತಿರುಗಿಯೂ ನೋಡಲಿಲ್ಲ.

"ಬ್ಯಾಡ. ನಾ ಓದಿ ಏನ್ ಕಡದು ಕಟ್ಟಿ ಹಾಕೀನಿ? ಆ ಡಿಗ್ರಿ ನನ್ನ ಒಂದ್ ಹೊತ್ತಿನ ಹೊಟ್ಟಿ ತುಂಬಿಸಿಲ್ಲ. ನೀನರ ಹೊಲಿಗಿ ಕಲಿ."

ಗೌರಾಳ ಕಣ್ಣು ತುಂಬಿತು. ಅವಳು ಅಜ್ಜಾರ ಮುಖ ನೋಡಿದಳು.

"ಬಸ್ಸು ಸಂಜಿಗೆ ಅಲ್ಲೇನು? ಅಲ್ಲಿತನಕ ಅಕ್ಕಗ ಕಾಯಿಪಲ್ಲೆ ಹೆಚ್ಚಿಕೊಡು," ಎಂದರು ಅವರು.

ಮಧ್ಯಾಹ್ನ ಪಂಢರಪುರದಿಂದ ನಡೆದು ಬರುತ್ತಿದ್ದ ಯಾತ್ರಿಕರ ಗುಂಪೊಂದು ಆಶ್ರಮಕ್ಕೆ ಬಂತು. ಪಾಪ, ಕಾಲಲ್ಲಿ ಬೊಬ್ಬೆ ಎದ್ದಿದ್ದವು. ಶಿವಲೀಲಾಳದ್ದು ಸಿಟ್ಟಿನ ಬಾಯಿ, ಆದರೆ ಕೈ ಬಲು ದೊಡ್ಡದು. ಬೇಕು ಬೇಕೆಂದವರಿಗೆಲ್ಲ ಬಡಿಸಿದಳು. ಕಡೆಯಲ್ಲಿ ಕೂತಿದ್ದ ಮುದುಕರ ಎಲೆಗೆ ಮೊಸರಿನ ಗಡಿಗೆಯನ್ನು ಬಳಿದು ಬಳಿದು ಹಾಕಿದಳು.

ಹೊತ್ತು ಇಳಿಯಿತು. ಹಾಲು ಕಾಸಿ ಆರಲು ಇಟ್ಟಿದ್ದಳು. ಅಜ್ಜಾರು ಅಡುಗೆಮನೆಗೆ ಇಣುಕಿದರು.

"ಹೆಪ್ಪು ಹಾಕಿದ್ಯಾ?"

ಶಿವಲೀಲಾ ನಾಲಿಗೆ ಕಚ್ಚಿಕೊಂಡಳು. ಅಜ್ಜಾರ ಗುರುಗಳ ಕಾಲದಿಂದ ದಿನಾ ಒಂದು ಚಮಚ ಎತ್ತಿಟ್ಟುಕೊಂಡು ಬಂದ ಹೆಪ್ಪು ಅದು. ತೊಳೆದಿಟ್ಟ ಗಡಿಗೆ ಬೋರಲು ಬಿದ್ದಿತ್ತು.

"ತಪ್ಪಾತ್ರಿ ಅಜ್ಜಾರ. ಒಂದ್ ಚಮಚಕ್ಕ ಏನಾಗತೈತಿ ಅಂತ ಅದನ್ನೂ ಬಳದು ಹಾಕಿಬಿಟ್ಟೆ."

"ನಡಿ, ಬೇಡಿಕೊಂಡು ಬರೂಣು. ದೀಪ ಹಚ್ಚಿದ ಮ್ಯಾಲ ಯಾರೂ ಹೆಪ್ಪು ಕೊಡಂಗಿಲ್ಲ."

ಬಟ್ಟಲು ಹಿಡಿದು ಅಜ್ಜಾರೇ ಮುಂದೆ ನಡೆದರು. ಶಿವಲೀಲಾಳಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಊರ ಮೊದಲ ಮನೆ ಗುರುಸಿದ್ದವ್ವನದು. ಅಂಗಳ ಗುಡಿಸುತ್ತಿದ್ದವಳು ಕಸಬರಿಗೆ ಬಿಟ್ಟು ಸೆರಗು ಹೊದ್ದಳು.

"ಅಯ್ಯ ಶಿವನ! ಹೆಪ್ಪಿಗೆ ನೀವ ಬರಬೇಕೇನ್ರಿ? ಇದು ನಿಮ್ಮ ಮನೀದ ಐತಿ. ಬ್ಯಾಸಗಿಯಾಗ ನಮ್ಮದು ಕೆಟ್ಟು ಹೋದಾಗ ಈ ಶಿವಲೀಲಾನ ಕೊಟ್ಟಿದ್ಲು. ಆವತ್ತಿಂದ ನಮ್ಮನ್ಯಾಗ ಮೊಸರು ಅಂದ್ರ ಮೊಸರು ನೋಡ್ರಿ."

ಶಿವಲೀಲಾಳಿಗೆ ಅದು ನೆನಪೇ ಇರಲಿಲ್ಲ.

ಆಶ್ರಮಕ್ಕೆ ಮರಳಿದಾಗ ಗೌರಾ ಚೀಲ ಹೆಗಲಿಗೇರಿಸಿ ಜಗಲಿಯಲ್ಲಿ ಕೂತಿದ್ದಳು. ಅಜ್ಜಾರು ಚಮಚದಷ್ಟು ಹೆಪ್ಪಿದ್ದ ಬಟ್ಟಲನ್ನು ಶಿವಲೀಲಾಳ ಮುಂದೆ ಹಿಡಿದರು.

"ಇಷ್ಟು ಯಾರ ಹೊಟ್ಟಿ ತುಂಬಿಸೀತು?"

"ಯಾರ್ದೂ ಇಲ್ರಿ."

"ಹಂಗಾದ್ರ ಚೆಲ್ಲಲೇನು?"

"ಬ್ಯಾಡ್ರಿ!" ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅಜ್ಜಾರು ಗೌರಾಳ ಕಡೆ ತಿರುಗಿದರು. "ನಿನಗ ಯಾಕವಾ ಈ ಓದಿನ ಹುಚ್ಚು? ಯಾರು ಹಚ್ಚಿದ್ರು?"

"ಅಕ್ಕನ ರೀ," ಅಂದಳು ಗೌರಾ. "ಸಣ್ಣಾಕಿ ಇದ್ದಾಗ, ಹಾಲು ಯಾಕ ಮೊಸರಾಗತೈತಿ ಅಂತ ಕೇಳಿದ್ದೆ. ಅವ್ವ ಸುಮ್ನಿರು ಅಂದ್ಲು. ಅಕ್ಕ ಕುಂದರಿಸಿಕೊಂಡು ಎಲ್ಲಾ ತಿಳಿಸಿ ಹೇಳಿದ್ಲು. ಆವತ್ತ ನಾನೂ ಅಕ್ಕನಂಗ ಓದಬೇಕು ಅನ್ನಿಸ್ತು."

ಶಿವಲೀಲಾ ಬಟ್ಟಲು ಹಿಡಿದೇ ನಿಂತಳು. ಅವಳಿಗೆ ಶಾಲೆಯಲ್ಲಿ ಕಲಿಸಿದ ಇಟಗಿ ಮಾಸ್ತರರು ನೆನಪಾದರು. ಬಿಸಿಲಲ್ಲಿ ಸೈಕಲ್ ತುಳಿದು ಮನೆಗೆ ಬಂದು, ಹುಡುಗೀನ ಓದು ಬಿಡಿಸಬ್ಯಾಡ್ರಿ ಎಂದು ಅಪ್ಪನ ಎದುರು ಕೈ ಮುಗಿದಿದ್ದರು.

"ಅಜ್ಜಾರ, ಕೆಲಸ ಸಿಗಲಿಲ್ಲ ಅಂತ ದಿನಾ ಬೈಕೊಂಡೆ. ಕಲಿಸಿದವರನ್ನ ಒಂದ್ ದಿನಾನೂ ನೆನಸಲಿಲ್ಲ."

ಅಜ್ಜಾರು ಕಣ್ಣಿನಲ್ಲೇ ಗೌರಾಳ ಕಡೆ ತೋರಿಸಿದರು.

ಶಿವಲೀಲಾ ತಂಗಿಯ ತಲೆ ನೇವರಿಸಿದಳು. "ಹೋಗು, ಸೇರು. ಕೆಲಸ ಸಿಕ್ಕೇ ಸಿಗತೈತಿ ಅಂತ ನಾ ಹೇಳಂಗಿಲ್ಲ, ಸುಳ್ಳಾಗತೈತಿ. ತಿಳೀದ ಪಾಠ ಇದ್ರ ಇಲ್ಲಿಗೆ ಬಾ. ಹೋಗ್ವಾಗ ಇಟಗಿ ಮಾಸ್ತರಿಗೆ ನನ್ನ ಹೆಸರ್ಲೆ ಕಾಲು ಮುಟ್ಟಿ ನಮಸ್ಕಾರ ಮಾಡು."

ಗೌರಾ ಅಕ್ಕನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಬಸ್ಸಿನ ಹಾರ್ನ್ ಕೇಳಿದ್ದೇ ಓಡಿದಳು ನೋಡಿ, ಚಪ್ಪಲಿ ಕೈಯಲ್ಲೇ ಇತ್ತು!

ಶಿವಲೀಲಾ ಹಾಲಿಗೆ ಹೆಪ್ಪು ಹಾಕಿ ಗಡಿಗೆ ಮುಚ್ಚಿದಳು. ಹೊಳೆಯ ಮೇಲಿಂದ ಆಷಾಢದ ಗಾಳಿ ಬೀಸುತ್ತಿತ್ತು. ಅವಳು ಅಲ್ಲೇ ಕೂತು ಮೆಲ್ಲಗೆ ಕೇಳಿದಳು.

"ಅಕಿಗೇನೋ ಹೇಳಿ ಕಳಿಸಿದೆ. ಮತ್ತ ನಾನು? ಓದು ಮುಗಿಸಿ ಇಷ್ಟು ದಿನ ಆತು, ಏನೂ ಆಗಲಿಲ್ಲ. ನನ್ನಾಗ ಏನು ಕಮ್ಮಿ ಐತ್ರಿ ಅಜ್ಜಾರ?"

ಅಜ್ಜಾರು ಗಡಿಗೆಯ ಮೈ ಮುಟ್ಟಿ ನೋಡಿದರು. ಹೆಗಲ ಮೇಲಿದ್ದ ಕಂಬಳಿ ತೆಗೆದು ಅವಳ ಕೈಗಿತ್ತರು.

"ಹೆಪ್ಪಿನಾಗ ಏನೂ ಕಮ್ಮಿ ಇಲ್ಲ ಬಿಡವಾ. ಹೊರಗ ತಂಪೈತಿ ಅಷ್ಟ. ಇದನ್ನ ಹೊದಿಸಿಡು."