ಇದ್ದಿಲಲ್ಲಿ ಬರೆದ ಗೊರಸು

ದುರುಗೇಶ ಮೊದಲ ಸಲ ಮನೆ ಬಿಟ್ಟು ನಡೆದದ್ದು ಮಹಾಲಯ ಅಮಾವಾಸ್ಯೆಯ ಮರುದಿನ. ಆಗ ಅವನು ಏಳನೆಯ ತರಗತಿ. ಅತ್ತರು ಮಾರುವವನೊಬ್ಬ ಶಾಲೆಯ ಮುಂದೆ ಹಾದುಹೋದ. ಅವನ ಪೆಟ್ಟಿಗೆಯ ವಾಸನೆ ಹಿಡಿದು ಇವನೂ ಹೋದ. ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಒಂದೂರಲ್ಲಿ ನಿಲ್ಲಲೂ ಇಲ್ಲ. ಹಾಗೆ ಅಲೆದಲೆದು ತಲೆ ಅರೆನರೆತ ಮೇಲೆ, ಒಂದು ಬೆಳಿಗ್ಗೆ, ಹೊಳೆದಂಡೆಯ ಛತ್ರದ ಜಗಲಿಯಲ್ಲಿ ಗುರುಗಳ ಮುಂದೆ ಕೂತು ಕೇಳಿದ:

"ಗುರುಗಳೇ, ಚಿತ್ರ ಸುಳ್ಳೋ, ನನ್ನ ಮೂಗು ಸುಳ್ಳೋ?"

ಮೂಗೇ ಅವನಿಗೆ ಅನ್ನ ಹಾಕುತ್ತಿತ್ತು. ಎಣ್ಣೆ, ಅತ್ತರು, ಊದುಬತ್ತಿಯ ವ್ಯಾಪಾರಿಗಳು ಅವನನ್ನು ಕರೆಸಿ ಸೀಸೆ ಮುಂದಿಡುತ್ತಿದ್ದರು. ಅವನು ಮೂಸಿ ಇದು ಅಸಲು, ಇದು ಬೆರಕೆ ಎನ್ನುತ್ತಿದ್ದ. ಅವನ ಮಾತಿನ ಮೇಲೆ ಸೀಸೆ ಒಳಗೆ ಹೋಗುತ್ತಿತ್ತು, ಇಲ್ಲವೇ ವಾಪಸ್ಸು ಹೋಗುತ್ತಿತ್ತು. ಊರೂರು ತಿರುಗುವವನಿಗೆ ಹೊರಲು ಇದಕ್ಕಿಂತ ಹಗುರವಾದ ಕಸುಬು ಬೇರೆ ಇರಲಿಲ್ಲ.

ಹೀಗಿರುವಾಗ ಪೆಪ್ಪರ್‌ಮೆಂಟು ಮಾಡುವ ಒಬ್ಬ ವ್ಯಾಪಾರಿ ಪುದೀನದ ಸತ್ವ ಎಂದು ಒಂದು ಸೀಸೆ ತರಿಸಿದ. ದುರುಗೇಶ ಬಿರಡೆ ತೆಗೆದು ಮೂಸಿ, "ಇದು ಪುದೀನವಲ್ಲ, ಸಬ್ಬಸಿಗೆ ಬೀಜ" ಎಂದ. ವ್ಯಾಪಾರಿ ಓದಿದವನು. ಹಿಂದೆ ತರಿಸಿದ್ದ ಪುದೀನದ ಸೀಸೆಯ ಜೊತೆ ಬಂದಿದ್ದ ಕಾಗದ, ಹೊಸ ಸೀಸೆಯ ಜೊತೆ ಬಂದ ಕಾಗದ, ಎರಡನ್ನೂ ಪಕ್ಕಪಕ್ಕದಲ್ಲಿ ಹರವಿದ. ಎರಡರಲ್ಲೂ ಅಣುವಿನ ಚಿತ್ರ ಒಂದೇ. ಒಂದು ಗೆರೆ ಆಚೀಚೆ ಇರಲಿಲ್ಲ.

"ಅಣು ಒಂದೇ ಅಂದ ಮೇಲೆ ವಾಸನೆ ಎರಡು ಹೇಗಾಗುತ್ತೆ? ನಿನಗೆ ನೆಗಡಿ ಹಿಡಿದಿದೆ ಮಾರಾಯ. ಶುಂಠಿ ಕಷಾಯ ಕುಡಿದು ನಾಲ್ಕು ದಿನ ಮಲಗು" ಎಂದು ನಕ್ಕ.

ಅಂಗಡಿಯಲ್ಲಿದ್ದವರೂ ನಕ್ಕರು. ದುರುಗೇಶನೂ ನಕ್ಕ. ಆದರೆ ಅವತ್ತಿನಿಂದ ಯಾವ ಸೀಸೆ ಮೂಸಿದರೂ ಅವನಿಗೆ ಧೈರ್ಯವಾಗಿ ಒಂದು ಮಾತು ಹೇಳಲು ಬರಲಿಲ್ಲ. ಸಂಪಿಗೆಯನ್ನು ಸಂಪಿಗೆ ಎನ್ನಲೂ ನಾಲಿಗೆ ತಡವರಿಸಿತು. ಅಣುವಿನ ಚಿತ್ರ ಬಲ್ಲವರು ಹೊಳೆದಂಡೆಯ ಛತ್ರದಲ್ಲಿದ್ದಾರೆ ಎಂದು ಯಾರೋ ಹೇಳಿದರು. ಹುಡುಕಿಕೊಂಡು ಬಂದ.

ಗುರುಗಳ ಹೆಸರು ಅಚ್ಯುತಯ್ಯ. ಒಂದು ಕಾಲಕ್ಕೆ ರಸಾಯನಶಾಸ್ತ್ರ ಕಲಿಸಿದವರು. ಈಗ ಕೇಳಿಕೊಂಡು ಬಂದವರಿಗೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೇಳುತ್ತಿದ್ದರು. ದುರುಗೇಶನ ಕತೆ ಕೇಳಿ ಅವರು ಆಗಲೇ ಉತ್ತರ ಹೇಳಲಿಲ್ಲ. "ಮೊದಲು ಚಿತ್ರ ಓದಲು ಕಲಿ. ಆಮೇಲೆ ಸುಳ್ಳೋ ನಿಜವೋ ನೋಡೋಣ" ಎಂದರು. ಅವನು ಅಲ್ಲೇ ಉಳಿದ.

ಮೊದಲು ಗುರುಗಳು ಲೆಕ್ಕ ಬರೆದರು. ಇಂಗಾಲ ಹತ್ತು, ಜಲಜನಕ ಹದಿನಾಲ್ಕು, ಆಮ್ಲಜನಕ ಒಂದು. ಅಷ್ಟೇ. ಆಮೇಲೆ ಯಾವುದರ ಕೈ ಯಾವುದು ಹಿಡಿದಿದೆ ಎಂದು ಒಂದೊಂದು ಅಕ್ಷರಕ್ಕೂ ಗೆರೆ ಎಳೆದು ತೋರಿಸಿದರು. ಜಗಲಿ ಅರ್ಧ ತುಂಬಿತು. ಆಮೇಲೆ ಎಲ್ಲ ಅಳಿಸಿ ಬರೀ ಗೆರೆಯಲ್ಲಿ ಬರೆದರು: ಆರು ಮೂಲೆಯ ಒಂದು ಉಂಗುರ, ಅದಕ್ಕೆ ಅಂಟಿಕೊಂಡು ಮೇಲೊಂದು ಆಮ್ಲಜನಕ, ಪಕ್ಕದಲ್ಲಿ ಒಂದು ಕಡ್ಡಿ, ಕೆಳಗೆ ಕವಲೊಡೆದ ಒಂದು ಬಾಲ. ಇಂಗಾಲದ ಹೆಸರು ಎಲ್ಲೂ ಇಲ್ಲ. ಗೆರೆ ಮುರಿದ ಮೂಲೆಮೂಲೆಯಲ್ಲಿ, ಗೆರೆ ನಿಂತ ತುದಿತುದಿಯಲ್ಲಿ ಇಂಗಾಲ ಇದೆ ಎಂದು ಓದುವವನೇ ತಿಳಿದುಕೊಳ್ಳಬೇಕು. ಅದಕ್ಕೆ ಅಂಟಿದ ಜಲಜನಕವನ್ನೂ ಅವನೇ ಎಣಿಸಿಕೊಳ್ಳಬೇಕು.

"ಇರುವವನ ಹೆಸರನ್ನೇ ಬರೆಯದೆ ಬಿಡುವುದು ಯಾವ ಸೀಮೆ ಪದ್ಧತಿ, ಗುರುಗಳೇ?"

"ಮನೆಗೆ ಹೋದಾಗ ನಿಮ್ಮ ತಾಯಿಯನ್ನು ಹೆಸರು ಹಿಡಿದು ಕೂಗುತ್ತೀಯೇನು? ಎಲ್ಲ ಕಡೆ ಇರುವವರ ಹೆಸರು ಯಾರೂ ಹೇಳುವುದಿಲ್ಲ."

ದುರುಗೇಶ ಆ ಖಾಲಿ ಮೂಲೆಗಳನ್ನು ಬಹಳ ಹೊತ್ತು ನೋಡಿದ. ಹೊಳೆಯಾಚೆಯ ಹಸಿರಲ್ಲಿ, ಕೂತಿದ್ದ ಚಾಪೆಯಲ್ಲಿ, ತನ್ನ ಚರ್ಮದಲ್ಲಿ ಎಲ್ಲ ಕಡೆ ಈ ಹೆಸರಿಲ್ಲದ ಮೂಲೆಗಳೇ ಇವೆ ಎಂದು ಗುರುಗಳು ಹೇಳಿದಾಗ ಅವನಿಗೆ ಮೈ ಜುಂ ಎಂದಿತು. ಇಷ್ಟು ದಿನ ಮೂಸಿದ್ದೆಲ್ಲ ಇದನ್ನೇ. ಒಂದು ಸಲವೂ ಕಂಡಿರಲಿಲ್ಲ.

ಚಿತ್ರ ಓದಲು ಬಂತು. ಆದರೂ ಪುದೀನಕ್ಕೆ ಬರೆದದ್ದೂ ಅದೇ, ಸಬ್ಬಸಿಗೆಗೆ ಬರೆದದ್ದೂ ಅದೇ. ಲೆಕ್ಕ ಒಂದೇ, ಕೈ ಹಿಡಿದ ಬಗೆ ಒಂದೇ. ಅದಕ್ಕೇ ಆ ಬೆಳಿಗ್ಗೆ ಅವನು ಮತ್ತೆ ಕೇಳಿದ್ದು. ಕೇಳಿ, "ಇವತ್ತು ಹೇಳಿಬಿಡಿ ಗುರುಗಳೇ. ಮೂಗು ಸುಳ್ಳಾದರೆ ಈ ಕಸುಬು ಇಲ್ಲಿಗೇ ಬಿಟ್ಟೆ. ಎಲ್ಲಾದರೂ ಮೂಟೆ ಹೊರುತ್ತೇನೆ" ಎಂದ.

ಗುರುಗಳು ಸೀಮೆಸುಣ್ಣ ಕೆಳಗಿಟ್ಟರು. ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಉಪ್ಪು ಹೇರಿಕೊಂಡು ಗಾಡಿ ಹೊಡೆಯುತ್ತಿದ್ದ. ಎರಡು ಎತ್ತು. ಬಲಗಡೆಯ ಎತ್ತನ್ನು ಅವನು ಕರುವಾಗಿದ್ದಾಗಿನಿಂದ ಕೈಯಾರೆ ಸಾಕಿದ್ದ.

ಒಂದು ಕಣಿವೆಯ ಏರಿನ ಬುಡದಲ್ಲಿ ಆ ಎತ್ತಿನ ಬಲ ಮುಂಗಾಲು ಕಲ್ಲಿಗೆ ಬಡಿಯಿತು. ಎತ್ತಿನದು ಸೀಳುಗೊರಸು, ಒಂದು ಕಾಲಿಗೆ ಎರಡು ಲಾಳ. ಹೊರಗಡೆಯ ಸೀಳಿನ ಲಾಳ ಕಿತ್ತುಹೋಯಿತು, ಗೊರಸಿನ ಅಂಚೂ ಒಡೆಯಿತು. ಸಾದಾ ಲಾಳ ಅಲ್ಲಿ ನಿಲ್ಲುವ ಹಾಗಿರಲಿಲ್ಲ. ಒಡೆದ ಕಡೆ ಕಬ್ಬಿಣದ ಅಂಚು ಮೇಲಕ್ಕೆ ಮಡಿಸಿಕೊಂಡು ಗೊರಸನ್ನು ತಬ್ಬಿ ಹಿಡಿಯಬೇಕು. ಎತ್ತು ಕಾಲು ಊರಲಿಲ್ಲ.

ಕಮ್ಮಾರನಿದ್ದದ್ದು ಕಣಿವೆಯ ಆಚೆ. ಕುಂಟುವ ಎತ್ತು ಆ ಏರು ಹತ್ತುವುದಿಲ್ಲ. ಎತ್ತನ್ನು ಬಿಟ್ಟು ವರ್ತಕ ಹೋಗುವುದಿಲ್ಲ. ಮಳೆ ಬಂದರೆ ಉಪ್ಪು ಉಳಿಯುವುದಿಲ್ಲ. ಚರ್ಮಕ್ಕಾಗಿ ದನ ಕೊಳ್ಳುವವನೊಬ್ಬ ಆಗಲೇ ಬಂದು ಎತ್ತಿನ ಸುತ್ತ ಒಂದು ಸುತ್ತು ಹಾಕಿ, ಮರದ ಕೆಳಗೆ ಕೂತ. ಅವನಿಗೆ ಅವಸರವಿರಲಿಲ್ಲ.

ಕಣಿವೆ ದಾಟುವ ದಾರಿಹೋಕನ ಕೈಯಲ್ಲಿ ವರ್ತಕ ಹೇಳಿಕಳಿಸಿದ: ಕಬ್ಬಿಣ ಇಷ್ಟು ತೂಕ, ಮೊಳೆಗೆ ತೂತು ನಾಲ್ಕು, ಒಂದು ಕಡೆ ಅಂಚು ಮಡಿಸಬೇಕು. ಲಾಳ ಬಂತು. ತೂಕ ಸರಿಯಾಗಿತ್ತು. ತೂತು ನಾಲ್ಕೇ ಇದ್ದವು. ಅಂಚೂ ಮಡಿಸಿತ್ತು. ಆದರೆ ಅದು ಕುದುರೆಯ ಲಾಳ. ಆ ಕಮ್ಮಾರ ದಂಡಿನ ಕುದುರೆಗಳಿಗೆ ಲಾಳ ಕಟ್ಟಿ ರೂಢಿಯಾದವನು. ಹೇಳದೆ ಬಿಟ್ಟದ್ದನ್ನು ಅವನ ಕೈ ತನಗೆ ಗೊತ್ತಿದ್ದ ಹಾಗೆ ತುಂಬಿಕೊಂಡಿತ್ತು.

ವರ್ತಕ ತನ್ನ ಹಳೆಯ ಪಂಚೆ ಹರಿದ. ಗೊರಸು ಅದರ ಮೇಲಿಟ್ಟು ಇದ್ದಿಲಿನಲ್ಲಿ ಸುತ್ತ ಗೆರೆ ಎಳೆದ. ತೂತು ಇರಬೇಕಾದ ಕಡೆ ಚುಕ್ಕಿ ಇಟ್ಟ. ಅಂಚು ಮಡಿಸಬೇಕಾದ ಕಡೆ ಎರಡು ಗೆರೆ ಎಳೆದ. ಮತ್ತೊಬ್ಬ ದಾರಿಹೋಕ ಬಟ್ಟೆ ಒಯ್ದ. ಲಾಳ ಬಂತು. ಜೊತೆಗೆ ಬಟ್ಟೆಯೂ ವಾಪಸ್ಸು ಬಂತು. ಗೆರೆ ಗೆರೆಗೆ ಕೂಡಿತ್ತು, ಚುಕ್ಕಿ ಚುಕ್ಕಿಗೆ ಕೂಡಿತ್ತು. ವರ್ತಕ ಅದನ್ನು ಗೊರಸಿಗೆ ಹಿಡಿದ. ಕೂರಲಿಲ್ಲ. ಅಂಚು ಮೇಲೆ ಬರುವ ಹಾಗೆ ಹಿಡಿದರೆ ಅದು ಒಡೆಯದ ಕಡೆಗೆ ಬಂತು. ಒಡೆದ ಕಡೆಗೆ ಬರುವ ಹಾಗೆ ಮಗುಚಿ ಹಿಡಿದರೆ ಅಂಚು ನೆಲ ನೋಡಿತು. ಹಿಂದುಮುಂದು ಮಾಡಿದ. ಮತ್ತೆ ಮಗುಚಿದ. ಸರಿಯಾದ ಕಬ್ಬಿಣ, ಸರಿಯಾದ ಆಕಾರ, ಸರಿಯಾದ ತೂತು ಕೈಯಲ್ಲಿದ್ದವು. ಯಾವ ಬಗೆಯಲ್ಲಿ ತಿರುಗಿಸಿದರೂ ಅದು ಆ ಗೊರಸಿನದಾಗಲಿಲ್ಲ. ಎಡ ಮುಂಗಾಲಿಗೆ ಹಿಡಿದು ನೋಡಿದ. ಹೇಳಿ ಮಾಡಿಸಿದ ಹಾಗೆ ಕೂತಿತು. ಎಡಗಾಲು ಒಡೆದಿರಲಿಲ್ಲ.

ಮರದ ಕೆಳಗಿದ್ದವನು ಹೇಳಿದ: "ಲಾಳ ಯಾಕೆ ತಿರುಗಿಸುತ್ತೀಯಪ್ಪ? ಎತ್ತನ್ನೇ ಒಳಗು ಹೊರಗು ಮಾಡು."

ವರ್ತಕ ಬಟ್ಟೆಯನ್ನು ಬಿಸಿಲಿಗೆ ಎತ್ತಿ ಹಿಡಿದ. ತೆಳು ಪಂಚೆ. ಈ ಮುಖದ ಇದ್ದಿಲು ಆ ಮುಖಕ್ಕೂ ಮೂಡಿತ್ತು. ಎರಡು ಮುಖದಲ್ಲೂ ಗೊರಸು ಕಾಣುತ್ತಿತ್ತು. ಒಂದು ತನ್ನ ಎತ್ತಿನದು, ಇನ್ನೊಂದು ಕನ್ನಡಿಯೊಳಗಿನ ಎತ್ತಿನದು. ಕಮ್ಮಾರ ಬಟ್ಟೆಯನ್ನು ಕೈಗೆ ಬಂದ ಹಾಗೆ ಹಾಸಿಕೊಂಡಿದ್ದ.

ವರ್ತಕ ಹೊಸ ಚಿತ್ರ ಬರೆಯಲಿಲ್ಲ. ಅದೇ ಬಟ್ಟೆಯ ಒಂದು ಮುಖಕ್ಕೆ ಒಂದು ಬೆರಳು ಕೆಸರು ಸವರಿದ. ಕೆಸರು ಹತ್ತಿದ ಮುಖ ನೆಲಕ್ಕೆ, ಹತ್ತದ ಮುಖ ಗೊರಸಿಗೆ ಎಂದು ಹೇಳಿಕಳಿಸಿದ. ಲಾಳ ಬಂತು. ಮೊಳೆ ಹೊಡೆದ. ಎತ್ತು ಕಾಲು ಊರಿತು. ಮರದ ಕೆಳಗಿದ್ದವನು ಎದ್ದು ಪಂಚೆ ಕೊಡವಿಕೊಂಡು ಹೋದ.

ಕಣಿವೆ ದಾಟಿದ ಮೇಲೆ ಕಮ್ಮಾರನ ಕುಲುಮೆಯ ಮುಂದೆ ಗಾಡಿ ನಿಂತಿತು. ಕಮ್ಮಾರ ರೇಗಿದ: "ಮೂರು ಸಲ ಬೆಂಕಿ ಹಾಕಿಸಿದೆಯಲ್ಲಯ್ಯ. ಮೊದಲ ಸಲವೇ ನಿಜ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?"

ವರ್ತಕ ಹೇಳಿದ: "ಮೂರು ಸಲವೂ ನಿಜವನ್ನೇ ಹೇಳಿದೆನಪ್ಪ."

ಗುರುಗಳು ಕತೆ ನಿಲ್ಲಿಸಿದರು. ಸೀಮೆಸುಣ್ಣ ಎತ್ತಿಕೊಂಡು ಜಗಲಿಯ ಮೇಲಿದ್ದ ಚಿತ್ರದತ್ತ ಬಗ್ಗಿದರು. ಉಂಗುರ ಮುಟ್ಟಲಿಲ್ಲ, ಆಮ್ಲಜನಕ ಮುಟ್ಟಲಿಲ್ಲ. ಕೆಳಗಿನ ಕವಲುಬಾಲ ಉಂಗುರಕ್ಕೆ ಸೇರುವ ಒಂದೇ ಒಂದು ಗೆರೆಯ ಮೇಲೆ ಸುಣ್ಣ ಆಡಿಸಿ, ಅದನ್ನು ಬೆಣೆಯ ಹಾಗೆ ದಪ್ಪ ಮಾಡಿದರು.

"ದಪ್ಪ ಗೆರೆ ಅಂದರೆ ಈ ಬಾಲ ನೆಲದಿಂದ ಎದ್ದು ನಿನ್ನ ಕಡೆ ಬರುತ್ತದೆ ಎಂದು ತಿಳಿ. ತುಂಡುತುಂಡು ಗೆರೆ ಬರೆದರೆ, ನೆಲದೊಳಕ್ಕೆ ಇಳಿದು ನಿನ್ನಿಂದ ಆಚೆ ಹೋಗುತ್ತದೆ ಎಂದು. ನಾನು ಬರೆದಿಟ್ಟ ಈ ಚಿತ್ರದಲ್ಲಿ ಬಾಲ ಒಂದು ಕಡೆಯಾದರೆ ಪುದೀನ, ಇನ್ನೊಂದು ಕಡೆಯಾದರೆ ಸಬ್ಬಸಿಗೆ. ಬೇರೇನೂ ವ್ಯತ್ಯಾಸವಿಲ್ಲ. ನಿನ್ನ ವ್ಯಾಪಾರಿಯ ಕಾಗದ ಕೆಸರು ಸವರದ ಬಟ್ಟೆ."

ದುರುಗೇಶ ನೋಡಿದ. ಇಷ್ಟು ದಿನ ನೆಲಕ್ಕೆ ಅಂಟಿಕೊಂಡು ಮಲಗಿದ್ದ ಚಿತ್ರ ಮೆಲ್ಲಗೆ ಎದ್ದು ಕೂತಂತೆ ಕಂಡಿತು. ಬಾಲ ಅವನ ಮುಖದ ಕಡೆ ಬಂತು. ಅವನು ತನಗೆ ಗೊತ್ತಿಲ್ಲದೆಯೇ ತಲೆ ತುಸು ಹಿಂದೆಳೆದುಕೊಂಡ. ಒಂದು ಬಾಲ ಈಚೆಗೆ ಬಂದರೆ ಒಂದು ವಾಸನೆ, ಆಚೆಗೆ ಹೋದರೆ ಮತ್ತೊಂದು. ಸೊಪ್ಪಿನ ಮಡಿಯಲ್ಲಿ ಅಕ್ಕಪಕ್ಕ ಬೆಳೆಯುವ ಎರಡು ಗಿಡ. ಒಂದೇ ಮಣ್ಣು ಕುಡಿದು, ಒಂದೇ ಬಿಸಿಲು ತಿಂದು, ಇದು ತನ್ನ ಬಾಲವನ್ನು ಈ ಕಡೆಗೇ ಕಟ್ಟುತ್ತದೆ, ಅದು ಆ ಕಡೆಗೇ ಕಟ್ಟುತ್ತದೆ. ಅಪ್ಪಿತಪ್ಪಿ ಅದಲುಬದಲು ಮಾಡುವುದಿಲ್ಲ.

"ಗಿಡಕ್ಕೆ ಇದನ್ನು ಯಾರು ಹೇಳಿಕೊಟ್ಟರು, ಗುರುಗಳೇ?" ಎಂದು ಕೇಳಿದ.

"ಅದು ನನಗೂ ಗೊತ್ತಿಲ್ಲ" ಎಂದರು ಗುರುಗಳು. ಅವರೂ ಚಿತ್ರವನ್ನೇ ನೋಡುತ್ತಿದ್ದರು.

ಬಿಸಿಲು ಜಗಲಿಗೆ ಬಂತು. ದುರುಗೇಶ ಎದ್ದು ಒಳಗೆ ಹೋಗಿ ತನ್ನ ಕಂಬಳಿ ತಂದ. ಎರಡು ಅಂಗಿ, ಒಂದು ಚೊಂಬು, ಮೂಸಲು ಹತ್ತಿ ಸುತ್ತಿದ ಕಡ್ಡಿಗಳ ಕಟ್ಟು ಅದರ ನಡುವೆ ಇಟ್ಟು ಸುತ್ತತೊಡಗಿದ.

"ಹೊರಟೆಯಾ?" ಎಂದರು ಗುರುಗಳು.

"ಹೊರಟೆ. ಮೂಟೆ ಹೊರುವುದು ತಪ್ಪಿತು. ಅತ್ತರಿನ ಬೀದಿಗೇ ಹೋಗುತ್ತೇನೆ."

ಸುತ್ತಿದ ಕಂಬಳಿಯನ್ನು ಮೊಣಕಾಲಲ್ಲಿ ಅದುಮಿ ಹಿಡಿದು ಹಗ್ಗ ಬಿಗಿದ. ಗಂಟು ಹಾಕುವಾಗ ಅವನಿಗೆ ಇನ್ನೊಂದು ತೋಚಿತು. ತಲೆ ಎತ್ತದೆಯೇ ಕೇಳಿದ:

"ಕಮ್ಮಾರನಿಗಾದರೆ ತೂಕ ಹೇಳಿಕಳಿಸಿದರು, ಬಟ್ಟೆ ಕಳಿಸಿದರು, ಕೆಸರು ಸವರಿದರು. ನನಗೆ ಯಾರೂ ಏನೂ ಹೇಳಿರಲಿಲ್ಲ. ಬಾಲ ಇದೆ ಅನ್ನುವುದೇ ಗೊತ್ತಿರಲಿಲ್ಲ. ಈ ಮೂಗಿಗೆ ಹೇಗೆ ತಿಳಿಯಿತು?"

ಗುರುಗಳು ಹೇಳಿದರು: "ಕೂರದ ಲಾಳವನ್ನು ಒಲ್ಲೆ ಎನ್ನಲು ಗೊರಸಿಗೆ ಯಾರಾದರೂ ಬಟ್ಟೆ ತೋರಿಸಿದರೇ?"

ದುರುಗೇಶ ಹಗ್ಗದ ಗಂಟು ಬಿಗಿದ. ಮೂಗಿನ ತುಂಬ ಉಸಿರೆಳೆದುಕೊಂಡ. ಎಳೆದುಕೊಂಡ ಉಸಿರನ್ನು ಹೊರಗೆ ಬಿಡಲು ಅವನಿಗೆ ಬಹಳ ಹೊತ್ತು ಹಿಡಿಯಿತು.