ಸೋರಿದ ಹೊಸ ಸೀಲು

ಸೆಕೆಂಡ್ ಹ್ಯಾಂಡ್ ಬೈಕೊಂದರ ಹಿಂದಿನ ಚಕ್ರದ ಗೇರ್ ಪೆಟ್ಟಿಗೆಯಿಂದ ಎಣ್ಣೆ ಸೋರುತ್ತಿತ್ತು. ಮೆಕ್ಯಾನಿಕ್ ದೇವೇಂದ್ರಾಚಾರಿ ಹಳೆಯ ರಬ್ಬರ್ ಸೀಲನ್ನು ಕಿತ್ತು ಕಸದ ಡಬ್ಬಕ್ಕೆ ಎಸೆದು, ಹೊಸದನ್ನು ಕೂರಿಸಿದ.

"ಎಣ್ಣೆ ತಡೆಯಲಾಗದ ಮೇಲೆ ಸೀಲು ಅಂತ ಯಾಕಯ್ಯಾ ಕರೆಸಿಕೊಂಡೆ?" ಎಂದು ಹೊಸ ಸೀಲು ಹಂಗಿಸಿತು.

"ಒಂದು ಸುತ್ತು ಹೋಗಿ ಬನ್ನಿ ಸ್ವಾಮಿ, ಆಮೇಲೆ ಮಾತಾಡೋಣ" ಎಂದಿತು ಹಳೆಯದು.

ಬೈಕು ಊರಾಚೆಯ ಏರು ಹತ್ತಿಳಿದು ಬಂತು. ಹೊಸ ಸೀಲಿನ ಅಂಚಿನಲ್ಲೂ ಎಣ್ಣೆ ಜಿನುಗುತ್ತಿತ್ತು.

"ಒಳಗಿನ ಗಾಳಿ ಕಾದು ಉಬ್ಬಿ ನನ್ನನ್ನೇ ದಬ್ಬಿತಲ್ಲ! ಅದು ಹೊರಹೋಗಲು ಬೇರೆ ದಾರಿಯೇ ಇಲ್ಲವೆ?"

"ಇತ್ತು. ಪೆಟ್ಟಿಗೆಯ ಮೇಲೊಂದು ಸಣ್ಣ ತೂತು. ಮಾರುವ ಮುಂಚೆ ಹಳೇ ಮಾಲೀಕ ಗಾಡಿಗೆಲ್ಲ ಬಣ್ಣ ಹೊಡೆಸಿದ. ಆ ತೂತೂ ಮುಚ್ಚಿಹೋಯಿತು."

"ಮೊದಲೇ ಹೇಳಬಾರದಿತ್ತೆ?"

"ಸೋರುವವನ ಮಾತು ನೀವು ಕೇಳುತ್ತಿದ್ದಿರಾ?"

ಅಷ್ಟರಲ್ಲಿ ಆಚಾರಿ ಬಗ್ಗಿ ನೋಡಿದ. ಪೆಟ್ಟಿಗೆಯ ಮೇಲೆ ಬಣ್ಣ ಫಳಫಳ ಹೊಳೆಯುತ್ತಿತ್ತು. "ಗಾಡಿ ಮಾತ್ರ ಎಷ್ಟು ನೀಟಾಗಿ ಇಟ್ಟಿದ್ದಾರೆ ನೋಡಿ ಸಾರ್! ಈ ಸೀಲೇ ಸರಿಯಿಲ್ಲ" ಎಂದು ಬೈಕಿನವನಿಗೆ ಹೇಳಿ, ಇನ್ನೊಂದು ಸೀಲಿನ ಪೊಟ್ಟಣ ಒಡೆದ.

ಡಬ್ಬದೊಳಗೆ ಹಳೆಯ ಸೀಲು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಿತು.